ತಲಪಾಡಿಯಲ್ಲಿ ನಿಂತವರು ಯಾವ ಲೆಕ್ಕಕ್ಕೆ?

ಕಳೆದ ತಿಂಗಳು ಪಂಚಾಯತು ಕಚೇರಿಯ ಜಗಲಿಯಲ್ಲಿ ನಮ್ಮ ನೆರೆಕರೆಯ ಅಕ್ಕ ಒಬ್ಬರು ಸಿಕ್ಕಿದರು. ಬೀಡಿ ಕಟ್ಟಿ ಜೀವನ ಸಾಗಿಸುವವರು. ಪಿಂಚಣಿಯ ಯಾವುದೋ ಕಾಗದ ಹಿಡಿದುಕೊಂಡು ಸರದಿ ಕಾಯುತ್ತಿದ್ದರು. ಮಾತಿಗೆ ಮಾತು ಬೆಳೆದು 2020ರ ಸುದ್ದಿ ಬಂತು. ಅವರ ಗಂಡನಿಗೆ ವಾರಕ್ಕೆ ಎರಡು ಸಲ ಮಂಗಳೂರಿನಲ್ಲಿ ಡಯಾಲಿಸಿಸ್ ಆಗಬೇಕಿತ್ತು. ಆ ಮಾರ್ಚ್ ಕೊನೆಗೆ ತಲಪಾಡಿಯಲ್ಲಿ ರಸ್ತೆ ಮುಚ್ಚಿತು. ಎರಡು ಸರದಿ ತಪ್ಪಿತು. ಈಚೆ ಕಡೆ ಎಲ್ಲಿಯಾದರೂ ಜಾಗ ಸಿಗುತ್ತದಾ ಎಂದು ಹುಡುಕುವಷ್ಟರಲ್ಲಿ ಮನುಷ್ಯ ತೀರಿಹೋದರು.

"ಅವ್ರಿಗೆ ಕೊರೋನ ಇರ್ಲಿಲ್ಲ ಮಾಷ್ಟ್ರೆ. ಆದ್ರೆ ಕೊರೋನ ಬಾರದೆ ಇದ್ದಿದ್ರೆ ಅವ್ರು ಸಾಯ್ತಿರ್ಲಿಲ್ಲ. ಹಾಗಾದ್ರೆ ಅವ್ರು ಯಾವ ಲೆಕ್ಕಕ್ಕೆ?" ಎಂದು ಕೇಳಿದರು.

ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವನು ನಾನು. ಆ ಹೊತ್ತಿಗೆ ಬಾಯಿಂದ ಉತ್ತರ ಹೊರಡಲಿಲ್ಲ. ಮನೆಗೆ ಬಂದು ಅಂಕಿಗಳನ್ನೆಲ್ಲ ಎದುರಿಗಿಟ್ಟು ಕುಳಿತೆ. ಈ ಬರಹ ಅದರ ಫಲ.

ಮೊದಲು ಆ ದಿನಗಳನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. ದೇಶದ ಮೊದಲ ಕೊರೋನ ಪ್ರಕರಣ ಪತ್ತೆಯಾದದ್ದು 2020ರ ಜನವರಿ 30ರಂದು ತೃಶೂರಿನಲ್ಲಿ. ಮೂರನೆಯದು ನಮ್ಮದೇ ಜಿಲ್ಲೆಯದು, ಫೆಬ್ರವರಿ 3ಕ್ಕೆ, ವುಹಾನಿನಿಂದ ಬಂದ ವಿದ್ಯಾರ್ಥಿಯಲ್ಲಿ. ಮಾರ್ಚ್‌ನಲ್ಲಿ ಗಲ್ಫಿನಿಂದ ಬಂದವರಿಂದಾಗಿ ಕಾಸರಗೋಡಿನ ಹೆಸರು ದೇಶವಿಡೀ ಕೇಳಿತು. ಆಗಲೇ ಕರ್ನಾಟಕ ತಲಪಾಡಿಯನ್ನು ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿಯಿತು. ರೋಗ ತಮ್ಮಲ್ಲಿಗೆ ಬಾರದಿರಲಿ ಎಂಬ ಹೆದರಿಕೆ ಅವರದು. ಅದನ್ನು ಅರ್ಥ ಮಾಡಿಕೊಳ್ಳಬಹುದು, ಒಪ್ಪಿಕೊಳ್ಳುವುದು ಕಷ್ಟ. ಹೆರಿಗೆಗೆ, ಹೃದಯಕ್ಕೆ, ಕಿಡ್ನಿಗೆ, ಮಂಜೇಶ್ವರದವರು ಮಂಗಳೂರಿಗಲ್ಲದೆ ಇನ್ನೆಲ್ಲಿಗೆ ಹೋಗುವುದು? ರೋಗಿಗಳನ್ನು ಬಿಡಬೇಕೆಂದು ಕೇರಳ ಹೈಕೋರ್ಟು ಏಪ್ರಿಲ್ 1ರಂದು ಹೇಳಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಅಷ್ಟರಲ್ಲಿ ಗಡಿ ದಾಟಲಾಗದೆ ಸತ್ತವರು ಹತ್ತಕ್ಕೂ ಹೆಚ್ಚು ಮಂದಿ ಎಂದು ಆಗಿನ ಪತ್ರಿಕೆಗಳು ಬರೆದವು.

ಅದೇ ಮೇ 10ಕ್ಕೆ ಜಿಲ್ಲೆಯ 178 ಸೋಂಕಿತರೂ ಗುಣಮುಖರಾದರು, ಕೊರೋನದಿಂದ ಒಂದೂ ಸಾವಿಲ್ಲ ಎಂದು ಘೋಷಣೆಯಾಯಿತು. ಡಾಕ್ಟರುಗಳಿಗೆ, ನರ್ಸುಗಳಿಗೆ, ಆಶಾ ಕಾರ್ಯಕರ್ತೆಯರಿಗೆ ಸಲ್ಲಬೇಕಾದ ಹೊಗಳಿಕೆ ಅದು, ಸಂಶಯವಿಲ್ಲ. ಆದರೆ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ರೋಗದಿಂದ ಸತ್ತವರು ಸೊನ್ನೆ. ರೋಗದ ಹೆದರಿಕೆಯಿಂದ ಮುಚ್ಚಿದ ರಸ್ತೆಯಲ್ಲಿ ಸತ್ತವರು ಹತ್ತಕ್ಕೂ ಹೆಚ್ಚು. ಸರಕಾರಿ ಪಟ್ಟಿಗೆ ಹೋದದ್ದು ಸೊನ್ನೆ ಮಾತ್ರ.

ದೇಶದ ಲೆಕ್ಕವೂ ಹೀಗೆಯೇ ಉಂಟು, ಗಾತ್ರ ಮಾತ್ರ ದೊಡ್ಡದು. ಭಾರತದಲ್ಲಿ ಕೊರೋನದಿಂದ ಸತ್ತವರು ಸುಮಾರು 5 ಲಕ್ಷ 33 ಸಾವಿರ ಎನ್ನುತ್ತದೆ ಕೇಂದ್ರ ಆರೋಗ್ಯ ಇಲಾಖೆ. 2020 ಮತ್ತು 2021, ಈ ಎರಡೇ ವರ್ಷಗಳಲ್ಲಿ ಭಾರತದಲ್ಲಿ ಸುಮಾರು 47 ಲಕ್ಷ ಹೆಚ್ಚುವರಿ ಸಾವುಗಳಾದವು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಮೇ ತಿಂಗಳಲ್ಲಿ ಹೇಳಿತು. ಹೆಚ್ಚುವರಿ ಸಾವು ಎಂದರೆ ಎಂತ? ಸಾಧಾರಣ ವರ್ಷದಲ್ಲಿ ಇಷ್ಟು ಮಂದಿ ಸಾಯುತ್ತಾರೆ ಎಂಬ ಒಂದು ಅಂದಾಜು ಇರುತ್ತದೆ. ಅದಕ್ಕಿಂತ ಎಷ್ಟು ಹೆಚ್ಚಾಯಿತೋ ಅದು. ಕೊರೋನ ತಗಲಿ ಸತ್ತವರು ಮಾತ್ರವಲ್ಲ, ಆಸ್ಪತ್ರೆಯಲ್ಲಿ ಹಾಸಿಗೆ ಸಿಗದೆ, ಡಯಾಲಿಸಿಸ್ ತಪ್ಪಿ, ಆಂಬ್ಯುಲೆನ್ಸ್ ಬಾರದೆ ಸತ್ತವರೂ ಅದರಲ್ಲಿ ಸೇರುತ್ತಾರೆ. ಎಂದರೆ ನಮ್ಮ ಅಕ್ಕನ ಗಂಡನಿಗೆ 5 ಲಕ್ಷದ ಪಟ್ಟಿಯಲ್ಲಿ ಜಾಗ ಇಲ್ಲ, 47 ಲಕ್ಷದ ಅಂದಾಜಿನಲ್ಲಿ ಉಂಟು.

ಕೇಂದ್ರ ಸರಕಾರ ಆ ಅಂದಾಜನ್ನು ಒಪ್ಪಲಿಲ್ಲ. ಅದು ಗಣಿತದ ಮಾದರಿ, ನಮ್ಮಲ್ಲಿ ಜನನ ಮರಣ ನೋಂದಣಿಯ ಸ್ವಂತ ವ್ಯವಸ್ಥೆ ಇದೆ ಎಂದಿತು. ನ್ಯಾಯವಾದ ಮಾತೇ. ಹಾಗಾದರೆ ಸರಕಾರದ ನೋಂದಣಿಯನ್ನೇ ನೋಡೋಣ. 2019ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳು 76 ಲಕ್ಷ ಚಿಲ್ಲರೆ. 2020ರಲ್ಲಿ 81 ಲಕ್ಷ. 2021ರಲ್ಲಿ 1 ಕೋಟಿ 2 ಲಕ್ಷ. ಒಂದೇ ವರ್ಷದಲ್ಲಿ ಸುಮಾರು 21 ಲಕ್ಷ ಏರಿಕೆ! ಆ ವರ್ಷ ಕೊರೋನ ಎಂದು ಸರಕಾರ ಲೆಕ್ಕ ಹಾಕಿದ್ದು ಮೂರೂಕಾಲು ಲಕ್ಷದ ಆಸುಪಾಸು. ಏರಿಕೆ ಎಲ್ಲವೂ ಮಹಾಮಾರಿಯದ್ದೇ ಎಂದು ಹೇಳಲಾಗದು. ಜನಸಂಖ್ಯೆ ಬೆಳೆಯುತ್ತದೆ, ಮೊದಲು ಬರೆಸದವರು ಈಗ ಬರೆಸುತ್ತಾರೆ. ಆದರೂ 21 ಲಕ್ಷ ಮತ್ತು ಮೂರೂಕಾಲು ಲಕ್ಷದ ನಡುವಿನ ಹೊಂಡವನ್ನು ಅಷ್ಟರಿಂದಲೇ ತುಂಬಲು ಬರುವುದಿಲ್ಲ. ಇನ್ನೊಂದು, 2021ರ ಈ ಅಂಕಿ ಹೊರಬಂದದ್ದು 2025ರ ಮೇ ತಿಂಗಳಲ್ಲಿ. ಪರೀಕ್ಷೆ ಬರೆದು ನಾಲ್ಕು ವರ್ಷದ ನಂತರ ಫಲಿತಾಂಶ ಕೊಟ್ಟಂತೆ ಆಯಿತು.

ಯಾವ ಕಾಯಿಲೆಯಿಂದ ಸತ್ತರು ಎಂಬುದು ಗೊತ್ತಾಗುವುದೂ ಅಷ್ಟು ಸುಲಭವಲ್ಲ. 2020ರಲ್ಲಿ ನೋಂದಣಿಯಾದ ನೂರು ಸಾವುಗಳಲ್ಲಿ ಡಾಕ್ಟರು ಕಾರಣ ಬರೆದುಕೊಟ್ಟದ್ದು ಇಪ್ಪತ್ತೆರಡು ಇಪ್ಪತ್ತಮೂರಕ್ಕೆ ಮಾತ್ರ. ಉಳಿದವರಲ್ಲಿ ಎಷ್ಟೋ ಮಂದಿ ಮನೆಯಲ್ಲೋ ದಾರಿಯಲ್ಲೋ ಹೋದವರು.

ಇನ್ನು ನಮ್ಮ ಎರಡು ರಾಜ್ಯಗಳ ಹೋಲಿಕೆ. ಕೇರಳದ ಪಟ್ಟಿಯಲ್ಲಿ ಕೊರೋನ ಸಾವು 70 ಸಾವಿರ ದಾಟಿದೆ, ಕರ್ನಾಟಕದಲ್ಲಿ 40 ಸಾವಿರ ಚಿಲ್ಲರೆ. ಕೇರಳದ ಜನಸಂಖ್ಯೆ ಕರ್ನಾಟಕದ ಅರ್ಧದಷ್ಟು. ಹಾಗಾದರೆ ಕೇರಳ ಸೋತಿತು, ಕರ್ನಾಟಕ ಗೆದ್ದಿತು ಎಂದು ಆಚೆ ಕಡೆಯ ನೆಂಟರು ನಮಗೆ ಹೇಳುವುದುಂಟು. 2021ರ ಜೂನ್-ಜುಲೈಯಲ್ಲಿ ಐಸಿಎಂಆರ್ ರಕ್ತ ಪರೀಕ್ಷೆ ಮಾಡಿ ನೋಡಿತು. ಎಷ್ಟು ಜನರಲ್ಲಿ ಪ್ರತಿಕಾಯ ಇದೆ ಎಂದು ತಿಳಿಯುವ ಪರೀಕ್ಷೆ. ಕೇರಳದಲ್ಲಿ ನೂರಕ್ಕೆ 44.4, ಪರೀಕ್ಷಿಸಿದ ರಾಜ್ಯಗಳಲ್ಲೇ ಕಡಿಮೆ. ಕರ್ನಾಟಕದಲ್ಲಿ ಸುಮಾರು 70. ಮಧ್ಯಪ್ರದೇಶದಲ್ಲಿ 79. ರೋಗ ತಗಲಿದ್ದು ಕಡಿಮೆ, ಪಟ್ಟಿಯಲ್ಲಿ ಸಾವು ಹೆಚ್ಚು ಎಂದರೆ ಒಂದೇ ಅರ್ಥ: ಇಲ್ಲಿ ಹೆಚ್ಚು ಎಣಿಸಿದ್ದಾರೆ. ಹಾಗೆಂದು ಕೇರಳ ಸರಕಾರ ಸತ್ಯಹರಿಶ್ಚಂದ್ರ ಅಲ್ಲ. ಬೇರೆ ಕಾಯಿಲೆ ಇದ್ದವರ ಸಾವನ್ನು ಬಿಟ್ಟು ಲೆಕ್ಕ ಹಾಕುತ್ತಾರೆ ಎಂಬ ದೂರು ಮೊದಲಿನಿಂದಲೂ ಇತ್ತು. 2021ರ ಅಕ್ಟೋಬರ್ ನಂತರ ಬಿಟ್ಟುಹೋದ ಸಾವಿರಾರು ಸಾವುಗಳು ದಿನಕ್ಕಿಷ್ಟರಂತೆ ಪಟ್ಟಿಗೆ ಸೇರಿದವು. ಬೈದರೂ ಸರಿ, ತಿದ್ದಿದರಲ್ಲ.

ಹೀಗೆ ತಿದ್ದಿಸಿದ್ದು ಪರಿಹಾರದ ಹಣ ಎಂಬುದನ್ನೂ ಹೇಳಬೇಕು. ಪ್ರತಿ ಸಾವಿಗೆ 50 ಸಾವಿರ ರೂಪಾಯಿ, ಪರೀಕ್ಷೆಯಾಗಿ 30 ದಿನದೊಳಗೆ ಸತ್ತರೆ ಕೊರೋನ ಸಾವು ಎಂಬ ನಿಯಮಕ್ಕೆ ಸುಪ್ರೀಂ ಕೋರ್ಟು 2021ರ ಅಕ್ಟೋಬರ್ 4ರಂದು ಒಪ್ಪಿಗೆ ಕೊಟ್ಟಿತು. ಆಮೇಲೆ ಗುಜರಾತಿನಲ್ಲಿ ಎಂತ ಆಯಿತು ನೋಡಿ. ಪಟ್ಟಿಯಲ್ಲಿ ಸತ್ತವರು ಹತ್ತು ಸಾವಿರ ಚಿಲ್ಲರೆ. ಪರಿಹಾರಕ್ಕೆ ಬಂದ ಅರ್ಜಿ 2022ರ ಜನವರಿ ಹೊತ್ತಿಗೆ 89 ಸಾವಿರಕ್ಕೂ ಹೆಚ್ಚು. ಅದರಲ್ಲಿ 68 ಸಾವಿರವನ್ನು ಆ ಸರಕಾರವೇ ಮಂಜೂರು ಮಾಡಿತು!

ಗಡಿಯವರ ಪಾಡು ಇಲ್ಲೂ ಬೇರೆ. ಸಾವು ಎಲ್ಲಿ ಆಯಿತೋ ಅಲ್ಲಿ ನೋಂದಣಿ ಎಂಬುದು 1969ರ ಕಾನೂನು. ನನ್ನ ಪರಿಚಯದ ಒಂದು ಮನೆಯ ಯಜಮಾನರು ಎರಡನೇ ಅಲೆಯಲ್ಲಿ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ತೀರಿಕೊಂಡರು. ಪಾಸಿಟಿವ್ ರಿಸಲ್ಟು ಕೇರಳದ್ದು, ಮರಣ ಪತ್ರ ಕರ್ನಾಟಕದ್ದು. ಅಲ್ಲಿ ಕೇಳಿದರೆ "ನಿಮ್ದು ಕೇರಳದ ರೇಶನ್ ಕಾರ್ಡಲ್ವಾ" ಎಂದರು, ಇಲ್ಲಿ ಕೇಳಿದರೆ "ಮರಣಂ ಅವಿಡೆಯಲ್ಲೇ" ಎಂದರು. ಮಗ ಎಂಟು ತಿಂಗಳು ಓಡಾಡಿ 50 ಸಾವಿರ ಪಡೆದ. ಬಸ್ಸಿಗೆ, ಜೆರಾಕ್ಸಿಗೆ, ತಪ್ಪಿದ ಕೂಲಿಗೆ ಅದರಲ್ಲಿ ಎಷ್ಟು ಹೋಯಿತೆಂದು ಅವನು ನನಗೆ ಹೇಳಲಿಲ್ಲ.

ಹೊಟ್ಟೆಪಾಡಿನ ಲೆಕ್ಕ ಇನ್ನೂ ಮಸುಕು. 2020ರ ಏಪ್ರಿಲ್-ಜೂನ್ ತ್ರೈಮಾಸಿಕದಲ್ಲಿ ದೇಶದ ಜಿಡಿಪಿ ಹಿಂದಿನ ವರ್ಷಕ್ಕಿಂತ ಶೇ. 23.9 ಕುಸಿಯಿತೆಂದು ಆ ಆಗಸ್ಟ್ ಕೊನೆಗೆ ಪ್ರಕಟವಾಯಿತು. ಕಟ್ಟಡ ಕೆಲಸ ಅರ್ಧಕ್ಕರ್ಧ ನಿಂತಿತ್ತು. ಬೆಳೆದದ್ದು ಕೃಷಿ ಒಂದೇ, ಶೇ. 3.4. ನಮ್ಮಲ್ಲಿಯೂ ಅದು ಕಣ್ಣಿಗೆ ಕಂಡ ಸಂಗತಿ. ತೋಟ ಇದ್ದವರಿಗೆ ಮೊದಲು ಹೆದರಿಕೆಯಾದರೂ ಅಡಿಕೆಗೆ ದರ ಬಂತು, 2021ರಲ್ಲಿ ಹಳೆ ಅಡಿಕೆ ಕಿಲೋಗೆ 500 ರೂಪಾಯಿ ದಾಟಿತು. ಅದೇ ತೋಟದ ಬದಿಯ ಮನೆಯಲ್ಲಿ ಬೀಡಿ ಕಟ್ಟುವವರಿಗೆ ಎಲೆಯೂ ಇಲ್ಲ, ಹೊಗೆಸೊಪ್ಪೂ ಇಲ್ಲ, ಬ್ರಾಂಚಿಗೆ ಬೀಗ. ಎರಡೂ ಮನೆಗಳ ಸರಾಸರಿ ತೆಗೆದರೆ ಊರು ಸುಖವಾಗಿತ್ತು ಎಂದೇ ಬರುತ್ತದೆ. ಸರಾಸರಿಯನ್ನು ನಂಬಬೇಡಿ ಎಂದು ಮಕ್ಕಳಿಗೆ ಹೇಳುತ್ತಿದ್ದೆ, ಮಾರ್ಕಿಗಾಗಿ ಅದನ್ನೇ ಕಲಿಸುತ್ತಿದ್ದೆ.

ಬೀಡಿ, ಗೂಡಂಗಡಿ, ಕೂಲಿ ಇವುಗಳ ಮೂರು ತಿಂಗಳ ಲೆಕ್ಕ ಯಾರ ಹತ್ತಿರವೂ ನೇರವಾಗಿ ಇರುವುದಿಲ್ಲ. ಆಗ ಜಿಡಿಪಿಯ ತ್ರೈಮಾಸಿಕ ಅಂದಾಜಿನಲ್ಲಿ ಇಂಥ ಕಸುಬುಗಳ ಬಹುಭಾಗವನ್ನು ದೊಡ್ಡ ಕಂಪೆನಿಗಳ ಅಂಕಿಯ ಜಾಡು ಹಿಡಿದು ಊಹಿಸುತ್ತಿದ್ದರು. ಕಂಪೆನಿ ಎದ್ದು ನಿಂತರೆ ಗೂಡಂಗಡಿಯೂ ಎದ್ದಿತು ಎಂದೇ ಲೆಕ್ಕ. ಊರಿಗೆ ಮರಳಿದ ವಲಸೆ ಕಾರ್ಮಿಕರು 1 ಕೋಟಿ 4 ಲಕ್ಷಕ್ಕೂ ಹೆಚ್ಚು ಎಂದು ಕಾರ್ಮಿಕ ಇಲಾಖೆ 2020ರ ಸೆಪ್ಟೆಂಬರಿನಲ್ಲಿ ಸಂಸತ್ತಿಗೆ ಹೇಳಿತು. ದಾರಿಯಲ್ಲಿ ಎಷ್ಟು ಮಂದಿ ಸತ್ತರು ಎಂದು ಕೇಳಿದ್ದಕ್ಕೆ, ಅಂಥ ಮಾಹಿತಿ ಇಲ್ಲ ಎಂಬ ಉತ್ತರ. ನನ್ನ ಮಟ್ಟಿಗೆ ಆ ವರ್ಷದ ಕಷ್ಟವನ್ನು ಸರಿಯಾಗಿ ತೋರಿಸಿದ ಅಂಕಿ ಒಂದೇ. ಉದ್ಯೋಗ ಖಾತರಿಯಲ್ಲಿ 2019-20ಕ್ಕೆ 265 ಕೋಟಿ ಮಾನವ ದಿನಗಳಿದ್ದದ್ದು 2020-21ಕ್ಕೆ 389 ಕೋಟಿಗೆ ಏರಿತು. ಹಾರೆ ಹಿಡಿಯಲು ಅಷ್ಟು ಜನ ಸುಮ್ಮನೆ ಬರುವುದಿಲ್ಲ.

ಹೀಗೆ ತಡವಾಗಿ ಲೆಕ್ಕ ಏರುತ್ತಾ ಹೋಗುವುದು ಹೊಸತೇನಲ್ಲ. 1918ರ ಇನ್‌ಫ್ಲುಯೆಂಜಾದಲ್ಲಿ ದೇಶದಲ್ಲಿ 60 ಲಕ್ಷ ಜನ ಸತ್ತರೆಂದು ಸ್ಯಾನಿಟರಿ ಕಮಿಷನರ್ ನಾರ್ಮನ್ ವೈಟ್ ಮೊದಲು ಅಂದಾಜು ಮಾಡಿದರು. 1921ರ ಜನಗಣತಿ ಬಂದ ಮೇಲೆ ಅದು 1 ಕೋಟಿ 20-30 ಲಕ್ಷ ಆಯಿತು. 1951ರಲ್ಲಿ ಕಿಂಗ್ಸ್ಲಿ ಡೇವಿಸ್ ಎಂಬ ವಿದ್ವಾಂಸರು ಜನಗಣತಿಗಳನ್ನೇ ಹೋಲಿಸಿ ಸುಮಾರು 1 ಕೋಟಿ 85 ಲಕ್ಷ ಎಂದರು. 1911ರಲ್ಲಿ ಈಗಿನ ಭಾರತದ ಜನಸಂಖ್ಯೆ 25.21 ಕೋಟಿ, 1921ರಲ್ಲಿ 25.13 ಕೋಟಿ. ಹತ್ತು ವರ್ಷದಲ್ಲಿ ಜನ ಕಡಿಮೆಯಾದದ್ದು ಅದೊಂದೇ ಸಲ. ಪರದೇಶದವರ ಆಡಳಿತ, ಆದರೂ ತಲೆ ಎಣಿಸಿದ್ದರಿಂದ ಇಷ್ಟಾದರೂ ತಿಳಿಯಿತು.

ನಮ್ಮ ಕಾಲದಲ್ಲಿ ಅದೂ ಆಗಲಿಲ್ಲ. 1881ರಿಂದ ಹತ್ತು ವರ್ಷಕ್ಕೊಮ್ಮೆ ತಪ್ಪದೆ ನಡೆದ ಜನಗಣತಿ 2021ರಲ್ಲಿ ನಡೆಯಲಿಲ್ಲ. 2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟು ನಡೆಸುವುದಾಗಿ 2025ರ ಜೂನ್‌ನಲ್ಲಿ ಅಧಿಸೂಚನೆ ಬಂತು. ಆರು ವರ್ಷ ತಡ. ಅಷ್ಟರಲ್ಲಿ ಎಷ್ಟೋ ಮನೆಗಳು ಬಾಗಿಲು ಹಾಕಿವೆ, ಎಷ್ಟೋ ಮಕ್ಕಳು ಊರು ಬಿಟ್ಟಿದ್ದಾರೆ.

ಆದ್ದರಿಂದ ದೆಹಲಿಯನ್ನು ಕಾಯುವುದು ಬೇಡ ಎಂದು ನನ್ನ ಅಭಿಪ್ರಾಯ. ಪ್ರತಿ ಪಂಚಾಯತಿನಲ್ಲಿ ಮರಣ ರಿಜಿಸ್ಟ್ರು ಉಂಟು. 2018ರಿಂದ 2022ರವರೆಗೆ ತಿಂಗಳಿಗೆ ಎಷ್ಟು ಸಾವು ಎಂದು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಲು ಯಾರ ಅನುಮತಿ ಬೇಕು? ಮಂಗಳೂರಿನಲ್ಲಿ ತೀರಿಹೋದ ಕಾಸರಗೋಡಿನವರನ್ನು ಪಟ್ಟಿ ಮಾಡುವುದೂ ಅಸಾಧ್ಯವಲ್ಲ. ಮರಣ ಬರೆಸುವ ಫಾರ್ಮಿನಲ್ಲಿ ಸತ್ತವರ ವಾಸದ ಊರು ಬರೆಯುವ ಜಾಗ ಉಂಟು. ಎರಡು ಜಿಲ್ಲೆಯ ಅಧಿಕಾರಿಗಳು ಒಂದು ದಿನ ಕುಳಿತು ಹೆಸರು ಬೇಡ, ಊರು ಮತ್ತು ತಿಂಗಳು ಮಾತ್ರ ಅದಲು ಬದಲು ಮಾಡಿಕೊಂಡರೆ ಸಾಕು. ಆ ಮಾರ್ಚ್-ಏಪ್ರಿಲ್‌ನಲ್ಲಿ ಮಂಜೇಶ್ವರ, ಮೀಂಜ, ವರ್ಕಾಡಿ, ಪೈವಳಿಕೆಯಲ್ಲಿ ಮಾಮೂಲಿಗಿಂತ ಎಷ್ಟು ಹೆಚ್ಚು ಮಂದಿ ಸತ್ತರು ಎಂದು ಗೊತ್ತಾದರೆ, ಮುಂದೆ ರಸ್ತೆ ಮುಚ್ಚುವ ಯೋಚನೆ ಬಂದಾಗ ರೋಗಿಗಳಿಗೆ ಒಂದು ಬಾಗಿಲು ಬಿಡಿ ಎಂದು ಕೇಳಲು ನಮ್ಮ ಕೈಯಲ್ಲಿ ಒಂದು ಕಾಗದ ಇರುತ್ತದೆ. ಈಗ ಇರುವುದು ಬರೀ ನೆನಪು.

ಇಷ್ಟನ್ನೂ ಅಕ್ಕನ ಜಗಲಿಗೆ ಹೋಗಿ ಹೇಳಿದೆ. ಸೂಪಿನಲ್ಲಿ ಬೀಡಿ ಕಟ್ಟುತ್ತಾ ಕೇಳಿದರು. "ಆ 47 ಲಕ್ಷದಲ್ಲಿ ಅವ್ರ ಹೆಸ್ರು ಉಂಟಾ?" ಎಂದರು. ಇಲ್ಲ, ಅದು ಅಂದಾಜು ಎಂದೆ. "ಹಾಗಾದ್ರೆ ಪಂಚಾಯತಿನ ಬುಕ್ಕಲ್ಲಿ?" ಅದರಲ್ಲಿ ಉಂಟು ಎಂದೆ. ಮುಂದಿನ ಗ್ರಾಮಸಭೆಯಲ್ಲಿ ಆ ಹಾಳೆಗಾಗಿ ಅರ್ಜಿ ಕೊಡುವುದೆಂದು ನಾವು ನಾಲ್ಕೈದು ಮಂದಿ ಮಾತಾಡಿಕೊಂಡಿದ್ದೇವೆ. ಅಕ್ಕನೂ ಬರುತ್ತೇನೆಂದಿದ್ದಾರೆ, ಬೀಡಿ ಕೊಡುವ ದಿನ ಅಲ್ಲದಿದ್ದರೆ.