ರುಚಿಗೂ ಒಂದು ಊರುಂಟು

ಬೆಂಗಳೂರಿನಿಂದ ಮೈಸೂರಿಗೆ ಹೊರಟವರಿಗೆ ಬಿಡದಿ ಎಂದರೆ ತಟ್ಟೆ ಇಡ್ಲಿ. ಅದೇ ದಾರಿಯಲ್ಲಿ ರಾಮನಗರ ದಾಟಿದರೆ ಚನ್ನಪಟ್ಟಣದ ಬಳಿ ಹೆರಿಟೇಜ್ ವೈನರಿ. "ಅಪ್ಪಾ, ಅಲ್ಲೇನು ಮಾಡ್ತಾರೆ?" ಎಂದು ಮಕ್ಕಳು ಕೇಳಿದರೆ "ಅದೆಲ್ಲ ನಿನಗ್ಯಾಕೆ?" ಎಂದು ಬಾಯಿ ಮುಚ್ಚಿಸುವ ಪೋಷಕರೇ ಹೆಚ್ಚು. ಆದರೆ ಅದು ಕೆಟ್ಟ ಪ್ರಶ್ನೆಯೇನಲ್ಲ. ಉತ್ತರದ ಅರ್ಧ ಭಾಗ ತಿಂದ ಇಡ್ಲಿಯಲ್ಲೇ ಇದೆ!

ರುಬ್ಬಿಟ್ಟ ಹಿಟ್ಟು ಬೆಳಗಾಗುವಷ್ಟರಲ್ಲಿ ಉಬ್ಬುವುದು ಸೂಕ್ಷ್ಮಜೀವಿಗಳಿಂದ. ಅಲ್ಲಿ ಬ್ಯಾಕ್ಟೀರಿಯಾಗಳು ಹುಳಿಯನ್ನೂ ಅನಿಲವನ್ನೂ ಉಂಟುಮಾಡುತ್ತವೆ. ದ್ರಾಕ್ಷಿ ರಸದಲ್ಲಿ ಈ ಕೆಲಸ ಯೀಸ್ಟ್‌ನದು. ಅದು ಸಕ್ಕರೆಯನ್ನು ಆಲ್ಕೋಹಾಲ್ ಮತ್ತು ಇಂಗಾಲದ ಡೈ ಆಕ್ಸೈಡ್ ಆಗಿ ಒಡೆಯುತ್ತದೆ. ಲೆಕ್ಕದ ಪ್ರಕಾರ 180 ಗ್ರಾಂ ಗ್ಲೂಕೋಸ್‌ನಿಂದ 92 ಗ್ರಾಂ ಆಲ್ಕೋಹಾಲ್, 88 ಗ್ರಾಂ ಅನಿಲ. ರಸಾಯನಶಾಸ್ತ್ರದ ಸಮೀಕರಣವನ್ನು ಬರೆದು ನೋಡಿ, ತಾಳೆಯಾಗುತ್ತದೆ.

ಸರಿ, ಸಣ್ಣದೊಂದು ವೈನರಿಯನ್ನೇ ಮೆಚ್ಚಿ, ಅದರದೇ ವೈನ್ ಬೇಕೆನ್ನುವವರು ಇದ್ದಾರಲ್ಲ, ಅದೇಕೆ? ನಾವು ನಂಜನಗೂಡು ರಸಬಾಳೆ, ದೇವನಹಳ್ಳಿ ಚಕ್ಕೋತ ಎಂದು ಊರು ಹೇಳಿ ಹಣ್ಣು ಕೇಳುವುದಿಲ್ಲವೆ? ಇದೂ ಹಾಗೆಯೇ. ಒಂದೇ ಜಾತಿಯ ದ್ರಾಕ್ಷಿ ಮಣ್ಣು, ಮಳೆ, ಹಗಲಿನ ಬಿಸಿಲು, ರಾತ್ರಿಯ ತಂಪಿಗೆ ತಕ್ಕಂತೆ ಬೇರೆ ಬೇರೆ ರುಚಿ ಕೊಡುತ್ತದೆ. ಯೂರೋಪಿನ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ರಿಸುತ್ತದೆ. ನಮ್ಮಲ್ಲಿ ಅಂಥ ಚಳಿಯಿಲ್ಲ. ಆದ್ದರಿಂದ ರೈತರು ವರ್ಷಕ್ಕೆ ಎರಡು ಸಲ ಬಳ್ಳಿ ಸವರುತ್ತಾರೆ. ನಮ್ಮ 'ಬೆಂಗಳೂರು ನೀಲಿ' ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ದ್ರಾಕ್ಷಿ ಬೆಳೆಗಾರರಿಗೆ ಅನುಕೂಲವಾಗಲೆಂದೇ ರಾಜ್ಯ ಸರ್ಕಾರ 2007ರಲ್ಲಿ ವೈನ್ ನೀತಿಯನ್ನು ರೂಪಿಸಿತು. ವೈನ್ ಬಲ್ಲವರು ಮೊದಲು ಬಣ್ಣ ನೋಡಿ, ಪರಿಮಳ ಮೂಸಿ, ಆಮೇಲೆ ಒಂದೇ ಗುಟುಕನ್ನು ನಿಧಾನವಾಗಿ ಸವಿಯುತ್ತಾರೆ. ಅವರು ಹುಡುಕುವುದು ಅಮಲನ್ನಲ್ಲ, ಆ ತೋಟದ ಗುರುತನ್ನು.

ಹಾಗೆಂದು ಇದನ್ನು ಹೊಗಳಿ ಮುಗಿಸುವಂತಿಲ್ಲ. ವೈನ್ ಕೂಡ ಮದ್ಯವೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲೇ ಮದ್ಯಪಾನೀಯಗಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. "ಹಣ್ಣಿನ ರಸ ತಾನೆ, ಏನೂ ಆಗೊಲ್ಲ" ಎನ್ನುವ ಗೆಳೆಯನಿಗೆ ಕೊಡಬೇಕಾದ ಉತ್ತರ ಇದು. ಮನೆಯಲ್ಲಿ ಅಪ್ಪ ಅಮ್ಮ ಬಿಡಿಸಿ ಹೇಳದಿದ್ದರೆ ಮಕ್ಕಳಿಗೆ ಆ ಗೆಳೆಯನ ಮಾತೇ ಪಾಠವಾಗುತ್ತದೆ. ಗದರಿಸಿದರೆ ಕುತೂಹಲ ಸಾಯುವುದಿಲ್ಲ, ಬಚ್ಚಿಟ್ಟುಕೊಳ್ಳುತ್ತದೆ.

ಇನ್ನೊಂದು ಸಂಗತಿ. ಹಾಲಿನ ಪ್ಯಾಕೆಟ್ ಮೇಲೆ 'ಪಾಶ್ಚರೀಕರಿಸಿದ' ಎಂಬ ಪದ ನೋಡಿದ್ದೀರಲ್ಲ? 1860ರ ದಶಕದಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ವೈನ್ ಕೆಡದಂತೆ ಅದನ್ನು ಹದವಾಗಿ ಬಿಸಿ ಮಾಡುವ ವಿಧಾನ ಕಂಡುಹಿಡಿದರು. ಅದರಿಂದ ಇಂದು ನಮ್ಮ ಹಾಲು ಸುರಕ್ಷಿತ! ಕುಡಿಯದೆಯೂ ವೈನ್‌ನಿಂದ ಕಲಿಯುವುದು ಬೇಕಾದಷ್ಟಿದೆ.

ವಿದ್ಯಾರ್ಥಿಗಳು ಒಂದು ಪ್ರಯೋಗ ಮಾಡಬಹುದು. ಮಾರುಕಟ್ಟೆಯಿಂದ ನೀಲಿ ದ್ರಾಕ್ಷಿ ತಂದು, ಒಂದರ ಸಿಪ್ಪೆ ಬಿಡಿಸಿ ಹಿಂಡಿ. ಇನ್ನೊಂದನ್ನು ಸಿಪ್ಪೆಸಮೇತ ಅರೆಯಿರಿ. ಮೊದಲನೆಯ ರಸ ತಿಳಿ, ಎರಡನೆಯದು ಕೆಂಪು. ಕೆಂಪು ವೈನಿನ ಬಣ್ಣವೂ ಬರುವುದು ಹೀಗೆ, ಸಿಪ್ಪೆಯಿಂದ. ನೋಡಿದ ಮೇಲೆ ಎರಡೂ ರಸವನ್ನು ಆಗಲೇ ಕುಡಿದುಬಿಡಿ. ಮುಚ್ಚಿದ ಬಾಟಲಿಯಲ್ಲಿ ಇಟ್ಟರೆ ಅನಿಲ ತುಂಬಿ ಬಾಟಲಿ ಸಿಡಿದೀತು!