ಸಿಆರ್‌ಪಿಗಿಂತ ಮೊದಲು ಬಿಪಿ ನೋಡಿಸಿ

ನಿಮ್ಮ ಮನೆಯ ಹಿರಿಯರು ಇತ್ತೀಚೆಗೆ ಕಾಲೆಳೆದು ನಡೆಯುತ್ತಿದ್ದಾರೆಯೇ? ಗೊತ್ತಿರುವ ಲೆಕ್ಕಕ್ಕೂ ತಡವರಿಸುತ್ತಾರೆಯೇ? ‘ವಯಸ್ಸಾಯಿತಲ್ಲ’ ಎಂದು ಸುಮ್ಮನಾಗಬೇಡಿ. ಮೆದುಳಿನ ಅತಿ ಸಣ್ಣ ರಕ್ತನಾಳಗಳು ಕೆಟ್ಟಾಗಲೂ ಹೀಗಾಗುತ್ತದೆ. ಪಾರ್ಶ್ವವಾಯುವಿಗೂ ಮರೆವಿನ ಕಾಯಿಲೆಗೂ ಇದೊಂದು ಮುಖ್ಯ ಕಾರಣ.

ದೇಹದಲ್ಲಿ ಉರಿಯೂತವಿದ್ದಾಗ ಯಕೃತ್ತು ಸಿಆರ್‌ಪಿ ಎಂಬ ಪ್ರೋಟೀನನ್ನು ಹೆಚ್ಚು ತಯಾರಿಸುತ್ತದೆ. ರಕ್ತದಲ್ಲಿ ಇದು ಹೆಚ್ಚಿದ್ದ ವೃದ್ಧರ ಮೆದುಳಿನಲ್ಲಿ ಇಂಥ ಹಾನಿಯೂ ಹೆಚ್ಚಿತ್ತೆಂದು ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್ ಅಧ್ಯಯನ 2005ರಲ್ಲಿ ತಿಳಿಸಿತು. ಹಾಗೆಂದು ಈ ಪರೀಕ್ಷೆಗೆ ಮುಗಿಬೀಳುವುದು ಸರಿಯಲ್ಲ. ಜ್ವರ, ಒಸಡಿನ ಸೋಂಕು, ಬೊಜ್ಜು, ಬೀಡಿ ಸೇವನೆ, ಯಾವುದರಿಂದಲೂ ಸಿಆರ್‌ಪಿ ಏರಬಹುದು. ಮೆದುಳಿನ ಹಾನಿ ತಿಳಿಯಲು ಎಂಆರ್‌ಐ ಬೇಕು.

ನಮ್ಮ ಕೈಯಲ್ಲಿರುವುದು ಬಿಪಿ. ಅಮೆರಿಕದ ಸ್ಪ್ರಿಂಟ್ ಮೈಂಡ್ ಪ್ರಯೋಗದ 2019ರ ವರದಿಯಂತೆ, ಮೇಲಿನ ಬಿಪಿಯನ್ನು 140ರ ಬದಲು 120ಕ್ಕಿಂತ ಕೆಳಗಿಡುವ ಗುರಿಯಿಂದ ಚಿಕಿತ್ಸೆ ಕೊಟ್ಟವರಲ್ಲಿ ಮೆದುಳಿನ ಬಿಳಿ ಕಲೆಗಳು ಕಡಿಮೆ ಬೆಳೆದವು. ನಿಮ್ಮ ಹಿರಿಯರಿಗೆ ಎಷ್ಟು ಸೂಕ್ತವೆಂದು ವೈದ್ಯರೇ ಹೇಳಲಿ.

ಉಪ್ಪಿನಕಾಯಿ, ಹಪ್ಪಳ, ಒಣಮೀನು ಕಡಿಮೆ ಮಾಡಿ. ಬೀಡಿ, ಸಿಗರೇಟು ಬಿಡಿಸಿ. ‘ಈಗ ಆರಾಮಿದೆ’ ಎಂದು ಬಿಪಿ ಮಾತ್ರೆ ನಿಲ್ಲಿಸಲು ಬಿಡಬೇಡಿ. ಮಾತು ಹಠಾತ್ತನೆ ತೊದಲಿದರೆ, ಬಾಯಿ ಓರೆಯಾದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.