ಆಕಾಶದ ಒಗಟಿಗೆ ಅವಸರದ ಉತ್ತರ ಬೇಡ

ಆಕಾಶದಲ್ಲಿ ಅರ್ಥವಾಗದ ಬೆಳಕೊಂದು ಕಂಡಿತೆಂದರೆ ಸಾಕು, ಅದು ಅನ್ಯಗ್ರಹದವರ ನೌಕೆಯೇ ಎಂದು ಸಾರುವವರು ಒಂದೆಡೆ, ಕಂಡವರನ್ನೇ ಗೇಲಿ ಮಾಡುವವರು ಇನ್ನೊಂದೆಡೆ ಸೇರಿಕೊಳ್ಳುತ್ತಾರೆ. ಪರಿಶೀಲಿಸುವ ಮೊದಲೇ ತೀರ್ಪು ಕೊಟ್ಟು ಪ್ರಶ್ನೆಯ ಬಾಯಿ ಮುಚ್ಚಿಸುವುದರಲ್ಲಿ ಇಬ್ಬರೂ ಒಂದೇ. ಭೂಮಿಯಾಚೆ ಜೀವವಿದೆಯೇ ಎಂಬ ಕುತೂಹಲಕ್ಕಿಂತ ದೊಡ್ಡ ಕುತೂಹಲ ಬೇರೊಂದಿಲ್ಲ ಎಂದು ನಂಬಿರುವ ನನಗೆ ಇದು ಆ ಕುತೂಹಲಕ್ಕೇ ಆಗುತ್ತಿರುವ ಅನ್ಯಾಯವಾಗಿ ಕಾಣುತ್ತದೆ.

ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೊ ದೂರದರ್ಶಕದಲ್ಲಿ ನಡೆದದ್ದನ್ನು ನೋಡಿ. ಅಲ್ಲಿ 2001ರಲ್ಲಿ ದಾಖಲಾಗಿದ್ದ ಮಾಹಿತಿಯನ್ನು ಜಾಲಾಡಿದ ವಿಜ್ಞಾನಿಗಳು, ಕೆಲವೇ ಮಿಲಿಸೆಕೆಂಡು ಮಿಂಚಿ ಮಾಯವಾದ ರೇಡಿಯೊ ಸ್ಫೋಟವೊಂದನ್ನು 2007ರಲ್ಲಿ ಪ್ರಕಟಿಸಿದರು. ಅದರಲ್ಲಿ ಹೆಚ್ಚು ಕಂಪನಾಂಕದ ಅಲೆಗಳು ಮೊದಲು, ಕಡಿಮೆಯವು ಆಮೇಲೆ ತಲುಪಿದ್ದವು. ಬಹುದೂರದಿಂದ ಬರುವ ಸಂಕೇತಕ್ಕೆ ಇರುವ ಲಕ್ಷಣವದು. ಆದರೆ ಅದೇ ದೂರದರ್ಶಕದಲ್ಲಿ ಹೆಚ್ಚುಕಡಿಮೆ ಅಂಥದೇ ಮಿಡಿತಗಳು ಇನ್ನಷ್ಟು ಸಿಕ್ಕಾಗ ಅನುಮಾನ ಹುಟ್ಟಿತು. ಪೆರಿಟಾನ್ ಎಂಬ ಹೆಸರು ಪಡೆದ ಇವು 13 ಗ್ರಾಹಕಗಳಲ್ಲೂ ಒಟ್ಟಿಗೇ ದಾಖಲಾಗುತ್ತಿದ್ದವು, ಅದೂ ಹಗಲು ಹೊತ್ತಿನಲ್ಲಿ. ಅಂದಮೇಲೆ ಮೂಲ ಹತ್ತಿರದಲ್ಲೇ ಇರಬೇಕು. ಹುಡುಕಾಟ 2015ರಲ್ಲಿ ಮುಗಿಯಿತು. ಮೈಕ್ರೋವೇವ್ ಓವನ್ ನಿಲ್ಲುವ ಮೊದಲೇ ಬಾಗಿಲು ತೆರೆದರೆ ಹೊರಬೀಳುವ ಅಲೆಗಳೇ ಪೆರಿಟಾನ್‌ಗಳಾಗಿದ್ದವು. ಹಾಗೆಂದು ಮೊದಲ ಸ್ಫೋಟವೂ ಸುಳ್ಳಾಯಿತೇ? ಇಲ್ಲ. ಅಂಥ ಸ್ಫೋಟಗಳು ಬೇರೆ ದೇಶಗಳ ದೂರದರ್ಶಕಗಳಿಗೂ ಸಿಕ್ಕವು. ಒಂದರ ಮೂಲ ಸುಮಾರು 300 ಕೋಟಿ ಜ್ಯೋತಿರ್ವರ್ಷ ದೂರದ ಗ್ಯಾಲಕ್ಸಿ ಎಂದು 2017ರಲ್ಲಿ ತಿಳಿಯಿತು. 2020ರಲ್ಲಿ ನಮ್ಮದೇ ಕ್ಷೀರಪಥದ ಮ್ಯಾಗ್ನೆಟಾರ್ ಒಂದು, ಅಂದರೆ ಅಪಾರ ಕಾಂತಶಕ್ತಿಯ ಸತ್ತ ನಕ್ಷತ್ರ, ಇಂಥದೇ ಸ್ಫೋಟ ಹೊಮ್ಮಿಸಿತು. ಒಂದೇ ದೂರದರ್ಶಕಕ್ಕೆ ಸಿಕ್ಕ ಎರಡು ಒಗಟುಗಳಲ್ಲಿ ಒಂದು ಅಡುಗೆಮನೆಯದು, ಇನ್ನೊಂದು ವಿಶ್ವದ ಆಳದ್ದು. ಯಾವುದು ಯಾವುದೆಂದು ಊಹೆಯಿಂದ ಯಾರಿಗೂ ಹೇಳಲಾಗುತ್ತಿರಲಿಲ್ಲ.

ಇಷ್ಟು ಅನುಮಾನಪಟ್ಟರೆ ನಿಜವಾದ ಸಂಕೇತವನ್ನೂ ಕಳೆದುಕೊಳ್ಳುತ್ತೇವಲ್ಲ ಎಂದು ಕೆಲವರು ಕೇಳುತ್ತಾರೆ. ತೂಕವಿರುವ ಪ್ರಶ್ನೆಯೇ. ಆದರೆ ಓವನ್ನನ್ನು ಬೇರ್ಪಡಿಸಿದ ಪರೀಕ್ಷೆಯೇ ಅಸಲಿ ಸ್ಫೋಟಗಳ ಮೇಲಿನ ನಂಬಿಕೆಯನ್ನೂ ಗಟ್ಟಿ ಮಾಡಿತು. 1977ರಲ್ಲಿ ಅಮೆರಿಕದ ಒಹಾಯೊದಲ್ಲಿ 72 ಸೆಕೆಂಡು ಕೇಳಿಬಂದ ‘ವಾವ್’ ಸಂಕೇತವನ್ನು ಮತ್ತೆ ಮತ್ತೆ ಹುಡುಕಿದರೂ ಅದು ಮರಳಿ ಸಿಗಲಿಲ್ಲ. ಅದನ್ನು ಅನ್ಯಜೀವಿಗಳ ಕರೆ ಎಂದು ಯಾರೂ ಸಾಬೀತು ಮಾಡಿಲ್ಲ, ವಿಜ್ಞಾನಿಗಳು ಅದನ್ನು ಕಸಕ್ಕೆ ಎಸೆದೂ ಇಲ್ಲ. ಸಾವಿರಾರು ಮಂದಿ ಕಣ್ಣಾರೆ ಕಂಡದ್ದು ಸುಳ್ಳೇ ಎಂಬುದು ಇನ್ನೊಂದು ಆಕ್ಷೇಪ. ಅವರ ಪ್ರಾಮಾಣಿಕತೆಯ ಬಗ್ಗೆ ತಕರಾರಿಲ್ಲ. ದೂರ ಗೊತ್ತಿಲ್ಲದಿದ್ದರೆ ಬೆಳಕಿನ ಗಾತ್ರವನ್ನಾಗಲಿ ವೇಗವನ್ನಾಗಲಿ ಯಾವ ಕಣ್ಣೂ ಅಳೆಯಲಾರದು, ತೊಡಕಿರುವುದು ಅಲ್ಲಿ. ನಾಸಾ ನೇಮಿಸಿದ ಸಮಿತಿ 2023ರಲ್ಲಿ ಕೊಟ್ಟ ವರದಿ ಇಂಥ ದೃಶ್ಯಗಳು ಅನ್ಯಗ್ರಹದವು ಎನ್ನಲು ಆಧಾರವಿಲ್ಲ ಎಂದಿತು. ಒಳ್ಳೆಯ ಮಾಹಿತಿಯ ಕೊರತೆಯನ್ನೂ, ಗೇಲಿಗೆ ಅಂಜಿ ಜನ ಹೇಳಿಕೊಳ್ಳದಿರುವುದನ್ನೂ ಅದೇ ವರದಿ ಎತ್ತಿ ತೋರಿಸಿತು.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ವಿಚಿತ್ರವಾದದ್ದೇನಾದರೂ ಕಂಡರೆ ಸಮಯ, ದಿಕ್ಕು, ದಿಗಂತದಿಂದ ಎಷ್ಟು ಎತ್ತರ, ಎಷ್ಟು ಹೊತ್ತು ಕಂಡಿತು ಎಂಬುದನ್ನು ಆಗಲೇ ಬರೆದಿಡಿ. ವಾಟ್ಸ್ಆ್ಯಪ್‌ಗೆ ಹಾಕುವ ಮೊದಲು ಹತ್ತಿರದ ಹವ್ಯಾಸಿ ಖಗೋಳ ವೀಕ್ಷಕರಿಗೆ ತೋರಿಸಿ.